ಫ್ರಾನ್ಸಿನ ಜಿಲ್ಲಾ ಪರಿಷತ್ತು: ಬಸುರಿಗೆ ಪತ್ರ ಬರೆಯುವುದೂ ಅದೇ, ರಸ್ತೆಯ ಹಿಮ ತೆಗೆಯುವುದೂ ಅದೇ

ಪ್ರಶ್ನೆ: ನಾವು ಎರಡು ವರ್ಷದಿಂದ ಫ್ರಾನ್ಸಿನ ತುಲೂಸ್ ಪಕ್ಕದ ಒಂದು ಊರಿನಲ್ಲಿದ್ದೇವೆ. ನಮ್ಮ ಯಜಮಾನರಿಗೆ ವಿಮಾನ ಕಂಪನಿಯಲ್ಲಿ ಕೆಲಸ. ಇಲ್ಲಿ ಇರುವುದಕ್ಕೆ ಬೇಕಾದ ಕಾರ್ಡು ಪ್ರಿಫೆಕ್ಚರ್ ಅನ್ನುವ ಕಚೇರಿಯಿಂದ ಬಂತು. ನಾನೀಗ ಐದು ತಿಂಗಳ ಗರ್ಭಿಣಿ. ಮೊನ್ನೆ 'ಕೌನ್ಸೇಯ್ ದೆಪಾರ್ತ್‌ಮಾಂತಾಲ್' ಅನ್ನುವ ಕಡೆಯಿಂದ ಪತ್ರ ಬಂತು, ಬೇಕಿದ್ದರೆ ಸೂಲಗಿತ್ತಿ ಮನೆಗೇ ಬರುತ್ತಾರಂತೆ. ದೊಡ್ಡ ಮಗಳ ಶಾಲೆಯ ಗೋಡೆಯ ಮೇಲೂ ಅದೇ ಗುರುತು ಇದೆ. ಇದು ನಮ್ಮ ಜಿಲ್ಲಾ ಪಂಚಾಯಿತಿ ಥರಾನಾ? ಹಾಗಾದರೆ ಡಿಸಿ ಯಾರು? ಇದರಲ್ಲಿ ನಮ್ಮಂಥವರ ಮಾತಿಗೆ ಜಾಗ ಇದೆಯಾ?

ಉತ್ತರ: ಮೊದಲಿಗೆ, ಆ ಪತ್ರ ನಿಜವಾದದ್ದೇ, ಹೆದರಬೇಡಿ. 'ಕೌನ್ಸೇಯ್ ದೆಪಾರ್ತ್‌ಮಾಂತಾಲ್' ಅಂದರೆ ಜಿಲ್ಲಾ ಪರಿಷತ್ತು. ಸೂಲಗಿತ್ತಿ ಬರಲಿ ಅಂತ ಹೇಳಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಯಾಕೆ ಬರುತ್ತಾರೆ ಅನ್ನುವುದನ್ನು ಮುಂದೆ ಹೇಳುತ್ತೇನೆ, ಮೊದಲು ಡಿಸಿ ವಿಷಯ ಮುಗಿಸೋಣ.

ನೀವಿರುವುದು ಓಟ್-ಗರೋನ್ ಜಿಲ್ಲೆಯಲ್ಲಿ. ಗರೋನ್ ಅಲ್ಲಿನ ನದಿ, ಓಟ್ ಅಂದರೆ ಮೇಲಿನದು. ಫ್ರಾನ್ಸಿನ ಬಹಳಷ್ಟು ಜಿಲ್ಲೆಗಳ ಹೆಸರು ಹೀಗೆ ನದಿಯದ್ದೋ ಬೆಟ್ಟದ್ದೋ ಆಗಿರುತ್ತದೆ. ಅದು ಬೇಕೆಂದೇ ಮಾಡಿದ್ದು. ಕ್ರಾಂತಿಯಾದ ಮೇಲೆ 1790ರಲ್ಲಿ ಹಳೆಯ ಸೀಮೆಗಳನ್ನೆಲ್ಲ ಅಳಿಸಿ ದೇಶವನ್ನು 83 ತುಂಡು ಮಾಡಿದರು. ಯಾವ ಮೂಲೆಯಲ್ಲಿದ್ದವರೂ ಕುದುರೆ ಏರಿ ಒಂದು ದಿನದಲ್ಲಿ ಜಿಲ್ಲೆಯ ಮುಖ್ಯ ಪಟ್ಟಣ ಮುಟ್ಟುವಂತಿರಬೇಕು ಅನ್ನುವುದು ಆಗಿನ ಲೆಕ್ಕ. ಹಳೆಯ ದೊರೆಗಳ ನೆನಪು ಉಳಿಯದಿರಲಿ ಅಂತ ನದಿ ಬೆಟ್ಟಗಳ ಹೆಸರಿಟ್ಟರು. ಇವತ್ತು ಕಡಲಾಚೆಯ ಐದನ್ನೂ ಸೇರಿಸಿ ಸಾಮಾನ್ಯವಾಗಿ 101 ಅಂತ ಎಣಿಸುತ್ತಾರೆ. ನಿಮ್ಮದರ ನಂಬರ್ 31. ಪಿನ್‌ಕೋಡ್ ಶುರುವಾಗುವುದೂ ಅದರಿಂದಲೇ, ಕಾರಿನ ನಂಬರ್ ಪ್ಲೇಟಿನ ಬಲತುದಿಯಲ್ಲೂ ಬಹುಶಃ ಅದನ್ನೇ ನೋಡಿರುತ್ತೀರಿ.

ಒಂದೇ ಜಿಲ್ಲೆಗೆ ಇಬ್ಬರು ದೊಡ್ಡವರು. ಗೊಂದಲ ಶುರುವಾಗುವುದೇ ಇಲ್ಲಿ. ಒಬ್ಬರು ಪ್ರಿಫೆಕ್ಟ್. ನೆಪೋಲಿಯನ್ 1800ರಲ್ಲಿ ಹುಟ್ಟಿಸಿದ ಹುದ್ದೆ ಅದು. ಪ್ಯಾರಿಸಿನ ಸರ್ಕಾರ ಕಳಿಸಿದ ಅಧಿಕಾರಿ, ಜನ ಆರಿಸಿದವರಲ್ಲ. ಪೊಲೀಸು, ಶಾಂತಿ ಸುವ್ಯವಸ್ಥೆ, ನೆರೆ ಬಂದಾಗ ಪರಿಹಾರ ಕೆಲಸದ ಹಿಡಿತ, ವಿದೇಶಿಯರ ಕಾಗದ, ಎಲ್ಲ ಅವರ ಕೈಯಲ್ಲಿ. ನಿಮ್ಮ ಕಾರ್ಡು ಬಂದದ್ದು ಅಲ್ಲಿಂದ. ನಮ್ಮ ಡಿಸಿಗೆ ಹತ್ತಿರದವರು ಇವರೇ. ಇನ್ನೊಬ್ಬರು ಜಿಲ್ಲಾ ಪರಿಷತ್ತಿನ ಅಧ್ಯಕ್ಷರು. ಅವರು ಜನರಿಂದ ಆರಿಸಿ ಬಂದವರು, ನಿಮಗೆ ಪತ್ರ ಕಳಿಸಿದ್ದು ಅವರ ಕಚೇರಿ. ಇಬ್ಬರೂ ಒಂದೇ ಪಟ್ಟಣದಲ್ಲಿ ಕೂತಿರುತ್ತಾರೆ, ಕೆಲವು ಜಿಲ್ಲೆಗಳಲ್ಲಂತೂ ಅಕ್ಕಪಕ್ಕದ ಕಟ್ಟಡದಲ್ಲೇ. ಆದರೆ ಒಬ್ಬರ ಕೈಕೆಳಗೆ ಇನ್ನೊಬ್ಬರಿಲ್ಲ.

ಮೊದಲು ಹೀಗಿರಲಿಲ್ಲ. 1833ರಿಂದಲೇ ಈ ಪರಿಷತ್ತಿಗೆ ಚುನಾವಣೆ ನಡೆಯುತ್ತಿತ್ತು, ಸದಸ್ಯರು ಸಭೆ ಸೇರಿ ಮಾತಾಡುತ್ತಿದ್ದರು, ಆದರೆ ಬಜೆಟ್ ಬರೆಯುವವರು, ಅದನ್ನು ಜಾರಿ ಮಾಡುವವರು, ನೌಕರರನ್ನು ನಡೆಸುವವರು ಎಲ್ಲ ಪ್ರಿಫೆಕ್ಟೇ. ಅದು ಬದಲಾದದ್ದು 1982ರ ಮಾರ್ಚ್ 2ರ ಕಾನೂನಿನಿಂದ. ಆಗಿನ ಗೃಹಮಂತ್ರಿ ಗಾಸ್ತೋನ್ ದೆಫೇರ್ ಅದನ್ನು ತಂದವರು. ತಾವೇ ಎಷ್ಟೋ ವರ್ಷ ಮಾರ್ಸೇಯ್ ನಗರದ ಮೇಯರ್ ಆಗಿದ್ದವರು. ಆವತ್ತಿನಿಂದ ಪೆನ್ನು ಅಧ್ಯಕ್ಷರ ಕೈಗೆ ಬಂತು. ಪ್ರಿಫೆಕ್ಟ್ ಈಗ ಪರಿಷತ್ತಿನ ತೀರ್ಮಾನವನ್ನು ಮೊದಲೇ ತಡೆಯುವಂತಿಲ್ಲ. ತೀರ್ಮಾನವಾದ ಮೇಲೆ ಕಾನೂನಿಗೆ ಹೊಂದುತ್ತದೋ ಇಲ್ಲವೋ ನೋಡಬಹುದು, ತಪ್ಪು ಕಂಡರೆ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು, ಅಷ್ಟೇ. ನೀವು ಜಿಲ್ಲಾ ಪಂಚಾಯಿತಿ ಥರಾನಾ ಅಂತ ಕೇಳಿದಿರಲ್ಲ, ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಇದೇ. ನಮ್ಮಲ್ಲಿ ಅಧ್ಯಕ್ಷರ ಪಕ್ಕದಲ್ಲಿ ರಾಜ್ಯ ಸರ್ಕಾರ ಕಳಿಸಿದ ಸಿಇಒ ಇರುತ್ತಾರೆ, ಕಡತ ಓಡುವುದು ಅವರ ಸಹಿಯಿಂದ. ಅಲ್ಲಿ ಪರಿಷತ್ತಿನ ಮುಖ್ಯ ಅಧಿಕಾರಿಯನ್ನು ನೇಮಿಸಿಕೊಳ್ಳುವವರೂ ಅಧ್ಯಕ್ಷರೇ.

ಈಗ ಸದಸ್ಯರ ವಿಷಯ. ಜಿಲ್ಲೆಯನ್ನು ಕ್ಯಾಂಟನ್ ಅನ್ನುವ ಕ್ಷೇತ್ರಗಳಾಗಿ ಹಂಚಿರುತ್ತಾರೆ. ಒಂದೊಂದು ಕ್ಯಾಂಟನ್ನಿನಿಂದ ಇಬ್ಬರು ಆರಿಸಿ ಬರುತ್ತಾರೆ, ಒಬ್ಬ ಹೆಂಗಸು, ಒಬ್ಬ ಗಂಡಸು, ಜೋಡಿಯಾಗಿಯೇ ನಿಲ್ಲಬೇಕು, ಮತದ ಚೀಟಿಯಲ್ಲಿ ಇಬ್ಬರ ಹೆಸರೂ ಒಟ್ಟಿಗೇ ಇರುತ್ತದೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಹಾಕುವಂತಿಲ್ಲ. ಅವಧಿ ಆರು ವರ್ಷ. 2013ರ ಕಾನೂನು ಇದನ್ನು ತಂದಿತು, 2015ರ ಮಾರ್ಚ್‌ನಲ್ಲಿ ಮೊದಲ ಸಲ ಹೀಗೆ ಮತದಾನ ಆಯಿತು. ಅದಕ್ಕೂ ಮುಂಚೆ ಇಡೀ ದೇಶದ ಪರಿಷತ್ತುಗಳಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಾತ್ರ ಇದ್ದರು. ಒಂದೇ ಚುನಾವಣೆಯಲ್ಲಿ ಅದು ಸರಿಯಾಗಿ ಅರ್ಧವಾಯಿತು. ಇದು ನನಗೆ ತುಂಬಾ ಇಷ್ಟವಾದ ಕಾನೂನು. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಈಗಲೂ ಹೆಚ್ಚಾಗಿ ಗಂಡಸರೇ ಕೂತಿದ್ದಾರೆ, ಆ ಕುರ್ಚಿಗೆ ಜೋಡಿಯ ನಿಯಮ ಇಲ್ಲವಲ್ಲ. ನಿಮ್ಮ ಜಿಲ್ಲೆಯಲ್ಲಿ 27 ಕ್ಯಾಂಟನ್, ಅಂದರೆ 54 ಸದಸ್ಯರು. ಉತ್ತರದ ತುದಿಯ ನೋರ್ ಜಿಲ್ಲೆಯಲ್ಲಿ 82 ಮಂದಿ, ಅಲ್ಲಿನ ಜನಸಂಖ್ಯೆ 25 ಲಕ್ಷ ದಾಟಿದೆ. ಗುಡ್ಡಗಾಡಿನ ಲೋಜೇರ್ ಜಿಲ್ಲೆಯಲ್ಲಿ 80 ಸಾವಿರ ಜನರೂ ಇಲ್ಲ, ಸದಸ್ಯರು 26. ಎರಡಕ್ಕೂ ಕಾನೂನು ಹೊರಿಸಿರುವ ಕೆಲಸ ಮಾತ್ರ ಹೆಚ್ಚುಕಡಿಮೆ ಒಂದೇ.

ಎರಡನೇ ಸುತ್ತಿನ ಮತದಾನ ಮುಗಿದ ಮೇಲಿನ ಗುರುವಾರ ಎಲ್ಲರೂ ಸೇರುತ್ತಾರೆ. ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರು ಕಲಾಪ ನಡೆಸುತ್ತಾರೆ, ಎಲ್ಲರಿಗಿಂತ ಚಿಕ್ಕವರು ಕಾರ್ಯದರ್ಶಿ, ಅಧ್ಯಕ್ಷರ ಆಯ್ಕೆ ಆಗುವ ತನಕ. ಆಮೇಲೆ ಮೂರು ತಿಂಗಳಿಗೊಮ್ಮೆಯಾದರೂ ಇಡೀ ಪರಿಷತ್ತು ಸೇರಲೇಬೇಕು. ನಡುವಿನ ದಿನಗಳಲ್ಲಿ ಸ್ಥಾಯಿ ಸಮಿತಿ ಕೂತು ಅನುದಾನ, ಟೆಂಡರ್, ಜಮೀನಿನ ವಿಷಯಗಳನ್ನು ತೀರ್ಮಾನಿಸುತ್ತದೆ.

ಯಾರ ಕೆಲಸ ಯಾವುದು ಅಂತ ನೆನಪಿಡಲು ಒಂದು ಸುಲಭದ ದಾರಿ ಹೇಳುತ್ತೇನೆ. ಶಾಲೆಯ ಕಟ್ಟಡ ನೋಡಿ. ಪ್ರಾಥಮಿಕ ಶಾಲೆ ಊರಿನ 'ಮೇರಿ'ಯದ್ದು, ಅಂದರೆ ಮೇಯರ್ ಕಚೇರಿಯದ್ದು. ಹನ್ನೊಂದರಿಂದ ಹದಿನೈದು ವರ್ಷದ ಮಕ್ಕಳು ಹೋಗುವ 'ಕೊಲೇಜ್' ಜಿಲ್ಲಾ ಪರಿಷತ್ತಿನದ್ದು, ಹೆಸರು ಕೇಳಿ ನಮ್ಮ ಕಾಲೇಜು ಅಂದುಕೊಳ್ಳಬೇಡಿ. ಅದಾದ ಮೇಲಿನ 'ಲಿಸೇ' ಅನ್ನುವ ಶಾಲೆ ಹಲವು ಜಿಲ್ಲೆ ಸೇರಿದ ಪ್ರಾಂತ್ಯದ್ದು, ನಿಮ್ಮ ಪ್ರಾಂತ್ಯ ಒಕ್ಸಿತಾನಿ. ಮೇಷ್ಟ್ರಿಗೆ ಸಂಬಳ ಕೊಡುವುದು, ಪಾಠ ಏನು ಅಂತ ಹೇಳುವುದು ಎಲ್ಲ ಕಡೆಯೂ ದೇಶದ ಸರ್ಕಾರ. ನಿಮ್ಮ ದೊಡ್ಡ ಮಗಳ ಶಾಲೆಯಲ್ಲಿ ಗೋಡೆ, ಹೀಟರು, ಕಂಪ್ಯೂಟರು, ಅಡುಗೆಯವರು, ಕಸ ಗುಡಿಸುವವರು, ಊಟದ ರೇಟು, ಇವು ಪರಿಷತ್ತಿನವು. ಯಾವ ಬೀದಿಯ ಮಕ್ಕಳು ಯಾವ ಕೊಲೇಜಿಗೆ ಹೋಗಬೇಕು ಅಂತ ಗೆರೆ ಹಾಕುವುದೂ ಪರಿಷತ್ತೇ.

ಆ ಗೆರೆ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ನಿಮ್ಮ ಜಿಲ್ಲೆಯೇ ಸಾಕ್ಷಿ. ತುಲೂಸಿನ ಮಿರಾಯ್ ಭಾಗ ನೋಡಿರಬಹುದು, ಎತ್ತರದ ಹಳೆಯ ಫ್ಲ್ಯಾಟುಗಳು, ಬಡವರು ಜಾಸ್ತಿ. ಅಲ್ಲಿನ ಕೊಲೇಜುಗಳಲ್ಲಿ ಬಡ ಮಕ್ಕಳು ಮಾತ್ರ ಉಳಿದಿದ್ದರು, ಅನುಕೂಲಸ್ಥರು ಹೇಗೋ ಮಾಡಿ ಬೇರೆ ಕಡೆ ಸೇರಿಸುತ್ತಿದ್ದರು. 2017ರಲ್ಲಿ ಪರಿಷತ್ತು ಶಿಕ್ಷಣ ಇಲಾಖೆಯ ಜೊತೆ ಸೇರಿ ಒಂದು ಗಟ್ಟಿ ತೀರ್ಮಾನ ತಗೊಂಡಿತು. ಅಲ್ಲಿನ ಎರಡು ಕೊಲೇಜುಗಳನ್ನು ವರ್ಷ ವರ್ಷಕ್ಕೆ ಒಂದೊಂದು ತರಗತಿಯಂತೆ ಮುಚ್ಚುತ್ತಾ ಬರುವುದು, ಆರನೇ ತರಗತಿಗೆ ಬರುವ ಮಕ್ಕಳನ್ನು ಬಸ್ಸಿನಲ್ಲಿ ನಗರದ ಒಳಗಿನ ಒಳ್ಳೆಯ ಕೊಲೇಜುಗಳಿಗೆ ಕಳಿಸುವುದು, ಜೊತೆಗೆ ಬೇರೆ ಬೇರೆ ಬಡಾವಣೆಯ ಮಕ್ಕಳು ಒಟ್ಟಿಗೆ ಓದುವಂಥ ಜಾಗದಲ್ಲಿ ಹೊಸ ಕೊಲೇಜು ಕಟ್ಟುವುದು. ಸುಲಭವಾಗಿ ಆಗಲಿಲ್ಲ. ನಮ್ಮ ಕೇರಿಯ ಶಾಲೆ ಯಾಕೆ ಮುಚ್ಚುತ್ತೀರಿ ಅಂತ ಅಲ್ಲಿನ ತಂದೆತಾಯಿಗಳೂ ಮೇಷ್ಟ್ರುಗಳೂ ಪ್ರಶ್ನೆ ಎತ್ತಿದರು. ಅವರ ನೋವೂ ಸುಳ್ಳಲ್ಲ, ಮನೆ ಹತ್ತಿರದ ಶಾಲೆ ಹೋದರೆ ಯಾರಿಗಾದರೂ ಬೇಸರವೇ. ಆದರೂ ನಾನು ಈ ತೀರ್ಮಾನದ ಪರ. ಹನ್ನೊಂದು ವರ್ಷದ ಮಗುವಿನ ವಿಳಾಸ ನೋಡಿ ಅದರ ಮುಂದಿನ ದಾರಿ ನಿಗದಿಯಾಗಬಾರದು. ಪ್ಯಾರಿಸಿನಲ್ಲಿ ಕೂತವರಿಗೆ ಬಸ್ಸು ಯಾವ ಬೀದಿಯಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ, ಒಂದೇ ಊರಿನ ಮೇಯರಿಗೆ ಊರಾಚೆಯ ಶಾಲೆ ಮುಟ್ಟುವ ಅಧಿಕಾರ ಇರುವುದಿಲ್ಲ. ಇಂಥ ಕೆಲಸಕ್ಕೆ ಜಿಲ್ಲೆಯ ಅಳತೆಯೇ ಸರಿ.

ರಸ್ತೆಯದ್ದು ಬೇಗ ಹೇಳಿ ಮುಗಿಸುತ್ತೇನೆ. ಹಳದಿ ಪಟ್ಟಿಯ ಮೇಲೆ ಡಿ ಅಕ್ಷರ ಮತ್ತು ನಂಬರ್ ಕಂಡರೆ ಅದು ಜಿಲ್ಲೆಯ ರಸ್ತೆ. ದೇಶದಲ್ಲಿ ಇಂಥವು ಸುಮಾರು 3 ಲಕ್ಷ 80 ಸಾವಿರ ಕಿಲೋಮೀಟರ್ ಇವೆ. ನೀವು ಪಿರೆನೇ ಬೆಟ್ಟಗಳ ಕಡೆ ಹೋಗಿ ಪೆಯ್‌ರಸೂರ್ದ್ ಕಣಿವೆ ಹತ್ತಿದರೆ ಅದು ಡಿ 618, ತೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಎಷ್ಟೋ ಸಲ ಹಾದುಹೋದ ದಾರಿ. ಚಳಿಗಾಲದಲ್ಲಿ ನಸುಕಿಗೇ ಎದ್ದು ಇಂಥ ರಸ್ತೆಗಳ ಹಿಮ ಸರಿಸಿ ಉಪ್ಪು ಚೆಲ್ಲುವವರು ಪರಿಷತ್ತಿನ ನೌಕರರು. ವೇಗದ ಮಿತಿಯ ವಿಷಯದಲ್ಲೂ ಅವರ ಮಾತಿದೆ. 2018ರ ಜುಲೈನಲ್ಲಿ ಪ್ಯಾರಿಸ್ ಇಂಥ ರಸ್ತೆಗಳ ಮಿತಿಯನ್ನು 90ರಿಂದ 80ಕ್ಕೆ ಇಳಿಸಿತು, ಹಳ್ಳಿಗಳಲ್ಲಿ ದೊಡ್ಡ ಗಲಾಟೆ ಆಯಿತು, ಮುಂದಿನ ವರ್ಷದ ಕೊನೆಗೆ ಕಾನೂನು ತಿದ್ದಿ ಬೇಕಿದ್ದರೆ ಮತ್ತೆ 90 ಮಾಡಿಕೊಳ್ಳಿ ಅಂತ ಅಧ್ಯಕ್ಷರುಗಳಿಗೆ ಬಿಟ್ಟುಕೊಟ್ಟಿತು. ಕೆಲವರು ಮಾಡಿಕೊಂಡರು, ಕೆಲವರು ಇಲ್ಲ. ಹಾಗಾಗಿ ಜಿಲ್ಲೆಯ ಗಡಿ ದಾಟುವಾಗ ಫಲಕ ನೋಡಿಕೊಂಡು ಓಡಿಸಲು ಯಜಮಾನರಿಗೆ ಹೇಳಿ. ಬಸ್ಸು ಮಾತ್ರ ಈಗ ಪ್ರಾಂತ್ಯದ್ದು. 2015ರ ಕಾನೂನಿನಿಂದ ಶಾಲಾ ಬಸ್ಸೂ ಅತ್ತ ಹೋಯಿತು, ಅಂಗವಿಕಲ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಹೊಣೆ ಮಾತ್ರ ಜಿಲ್ಲೆಯಲ್ಲೇ ಉಳಿಯಿತು. ಅಗ್ನಿಶಾಮಕ ದಳಕ್ಕೆ ದುಡ್ಡು, ಹಳೆಯ ದಾಖಲೆಗಳ ಭಂಡಾರ, ಹಳ್ಳಿ ಗ್ರಂಥಾಲಯಗಳಿಗೆ ಪುಸ್ತಕ, ಇವೂ ಪರಿಷತ್ತಿನ ಪಾಲಿನವೇ.

ಆದರೆ ಪರಿಷತ್ತಿನ ಜೀವ ಇರುವುದು ರಸ್ತೆಯಲ್ಲಿ ಅಲ್ಲ. ಖರ್ಚಿನ ಅರ್ಧಕ್ಕೂ ಹೆಚ್ಚು ಹೋಗುವುದು ಮನುಷ್ಯರ ಕಷ್ಟಕ್ಕೆ. ನಿಮಗೆ ಬಂದ ಪತ್ರ ಅಲ್ಲಿಂದಲೇ. ಪಿಎಂಐ ಅಂತ ಒಂದು ಸೇವೆ ಇದೆ, ತಾಯಿ ಮಗುವಿನ ಆರೈಕೆಗೆ ಯುದ್ಧ ಮುಗಿದ 1945ರಲ್ಲೇ ಶುರುವಾದದ್ದು. ನೀವು ಗರ್ಭಿಣಿ ಅಂತ ಕುಟುಂಬ ಭತ್ಯೆಯ ಕಚೇರಿಗೆ ತಿಳಿಸಿದಿರಲ್ಲ, ಸುದ್ದಿ ಅಲ್ಲಿಂದ ಪಿಎಂಐಗೆ ಹೋಗಿದೆ. ಹೆರಿಗೆಗೆ ಮುಂಚೆ ಸೂಲಗಿತ್ತಿ ಬರುತ್ತಾರೆ. ಮಗು ಹುಟ್ಟಿದ ಮೇಲೆ ಶಿಶುಪಾಲನೆಯ ನರ್ಸ್ ಬಂದು ತೂಕ ನೋಡುತ್ತಾರೆ, ಹಾಲು ಕುಡಿಸುವ ತೊಂದರೆ ಇದ್ದರೆ ಕೂತು ಹೇಳಿಕೊಡುತ್ತಾರೆ. ಮಗುವಿಗೆ ಆರು ವರ್ಷ ಆಗುವ ತನಕ ಅವರ ಕೇಂದ್ರದಲ್ಲಿ ತಪಾಸಣೆ, ಲಸಿಕೆ ಉಚಿತ. ಆಸ್ಪತ್ರೆಯಲ್ಲಿ ಕೊಡುವ ಮಗುವಿನ ಆರೋಗ್ಯದ ಪುಸ್ತಕವೂ ಪರಿಷತ್ತಿನದ್ದೇ. ಮುಂದೆ ನೀವು ಕೆಲಸಕ್ಕೆ ಹೋಗುವಾಗ ಮಗುವನ್ನು ಯಾರದಾದರೂ ಮನೆಯಲ್ಲಿ ಬಿಡಬೇಕಾದರೆ, ಆ ಆಯಾಗೆ ಪರಿಷತ್ತಿನ ಅನುಮತಿ ಇದೆಯಾ ಅಂತ ಕೇಳಿಯೇ ಬಿಡಿ. ಮನೆ ನೋಡಿ, ತರಬೇತಿ ಕೊಟ್ಟು ಅನುಮತಿ ಕೊಡುವವರು ಇವರೇ. ಅಮ್ಮ ಅತ್ತೆ ಯಾರೂ ಹತ್ತಿರ ಇಲ್ಲದ ಊರಿನಲ್ಲಿ ಬಾಣಂತನ ಅಂದರೆ ಎಷ್ಟು ಕಷ್ಟ ಅಂತ ಗೊತ್ತಿರುವುದರಿಂದಲೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಸಂಕೋಚ ಬೇಡ, ಇದು ಬಡವರಿಗೆ ಮಾತ್ರ ಇರುವ ಸೇವೆ ಅಲ್ಲ.

ಇದೇ ಕಟ್ಟಡದಲ್ಲಿ, ಕೆಲವೊಮ್ಮೆ ಪಕ್ಕದ ಕೋಣೆಯಲ್ಲೇ, ಇನ್ನೂ ಭಾರವಾದ ಕೆಲಸ ನಡೆಯುತ್ತಿರುತ್ತದೆ. ಮನೆಯಲ್ಲಿ ಹೊಡೆತ ತಿನ್ನುವ ಅಥವಾ ನೋಡಿಕೊಳ್ಳುವವರೇ ಇಲ್ಲದ ಮಕ್ಕಳ ಹೊಣೆ ಜಿಲ್ಲಾ ಪರಿಷತ್ತಿನದ್ದು. ಮಗು ಅಪಾಯದಲ್ಲಿದೆ ಅಂತ 119ಕ್ಕೆ ಫೋನ್ ಬಂದರೆ ವಿಷಯ ಆಯಾ ಜಿಲ್ಲೆಗೆ ಹೋಗುತ್ತದೆ. ನ್ಯಾಯಾಧೀಶರು ಬೇರೆ ಕಡೆ ಇಡಿ ಅಂದರೆ ಸಾಕುಮನೆಯೋ ಆಶ್ರಯಧಾಮವೋ ಹುಡುಕುವವರು ಇವರು. ಹೀಗೆ ಮನೆಯಿಂದ ದೂರ ಬೆಳೆಯುತ್ತಿರುವ ಮಕ್ಕಳು ದೇಶದಲ್ಲಿ ಸುಮಾರು 2 ಲಕ್ಷ. ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳಲಾರೆ. ಜಾಗ ಸಾಲದೆ ಮಕ್ಕಳನ್ನು ಹೋಟೆಲ್ ಕೋಣೆಗಳಲ್ಲಿ ಇಟ್ಟದ್ದುಂಟು. ಅದನ್ನು ನಿಲ್ಲಿಸಬೇಕು ಅಂತ 2022ರ ಫೆಬ್ರುವರಿಯಲ್ಲಿ ಕಾನೂನೇ ಬರಬೇಕಾಯಿತು. ಹದಿನೆಂಟು ತುಂಬಿದ ದಿನವೇ ಬೀದಿಗೆ ಬಿಡಬಾರದು, ಆಸರೆ ಇಲ್ಲದವರಿಗೆ ಇಪ್ಪತ್ತೊಂದರ ತನಕ ಬೆಂಬಲ ಕೊಡಬೇಕು ಅಂತಲೂ ಆ ಕಾನೂನು ಹೇಳಿತು. ಜಾರಿ ಮಾಡುವುದು ಮತ್ತೆ ಜಿಲ್ಲೆಯ ಪಾಲಿಗೇ.

ಇನ್ನು ದೊಡ್ಡ ಭತ್ಯೆಗಳು ಮೂರು. ದುಡಿಮೆ ಇಲ್ಲದವರಿಗೆ ಆರ್‌ಎಸ್‌ಎ, ತಿಂಗಳಿಗೆ ಒಂಟಿ ವ್ಯಕ್ತಿಗೆ 2025ರಲ್ಲಿ ಸುಮಾರು 646 ಯೂರೋ. ಅರವತ್ತು ದಾಟಿ, ಸ್ನಾನ ಊಟಕ್ಕೂ ಇನ್ನೊಬ್ಬರ ಕೈ ಬೇಕಾದವರಿಗೆ ಆಪಾ, ಪರಿಷತ್ತಿನ ತಂಡ ಮನೆಗೆ ಬಂದು ಎಷ್ಟು ಗಂಟೆ ಸಹಾಯ ಬೇಕು ಅಂತ ನೋಡಿ ಲೆಕ್ಕ ಹಾಕುತ್ತದೆ. ಅಂಗವಿಕಲರಿಗೆ ಪಿಸಿಎಚ್, 2005ರ ಕಾನೂನಿನಿಂದ ಬಂದದ್ದು. ನಿಮ್ಮ ಮನೆಯವರಿಗೆ ಉಪಯೋಗವಾಗುವ ಒಂದು ಮಾತು: ಆರ್‌ಎಸ್‌ಎ ಸಿಗಲು ಯುರೋಪ್ ಒಕ್ಕೂಟದ ಹೊರಗಿನವರು ಸಾಮಾನ್ಯವಾಗಿ ಐದು ವರ್ಷ ಕೆಲಸ ಮಾಡುವ ಹಕ್ಕಿನ ಕಾರ್ಡ್ ಹೊಂದಿರಬೇಕು. ಆಪಾ ಕೂಡ ಅಲ್ಲೇ ಕಾಯಂ ನೆಲೆಸಿದವರಿಗೆ, ಬಾಣಂತನಕ್ಕೆ ಅಂತ ಮೂರು ತಿಂಗಳು ಬಂದುಹೋಗುವ ಅಪ್ಪ ಅಮ್ಮನಿಗೆ ಇಲ್ಲ. ಅವರಿಗೆ ವಿಮೆ ಮಾಡಿಸಿಯೇ ಕರೆಸಿಕೊಳ್ಳಿ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದನ್ನು ಜನ ಗಮನಿಸುವುದೇ ಕಡಿಮೆ. ಈ ಮೂರೂ ಭತ್ಯೆ ಯಾರಿಗೆ, ಎಷ್ಟು ಅಂತ ನಿಯಮ ಮಾಡುವುದು ಪ್ಯಾರಿಸ್. ದುಡ್ಡು ಕೊಡಬೇಕಾದದ್ದು ಜಿಲ್ಲೆ. ಪ್ಯಾರಿಸ್ ಒಂದಿಷ್ಟು ತುಂಬಿಕೊಡುತ್ತದೆ, ಪೂರ್ತಿ ಅಲ್ಲ. ಉಳಿದದ್ದಕ್ಕೆ ಜಿಲ್ಲೆ ತೆರಿಗೆ ಏರಿಸಬಹುದಲ್ಲ ಅಂತ ನೀವು ಕೇಳಬಹುದು. ಆಗುವುದಿಲ್ಲ. ಮನೆ ಜಮೀನಿನ ಮೇಲಿನ ವಾರ್ಷಿಕ ಕಂದಾಯ 2021ರಿಂದ ಊರುಗಳ ಪಾಲಾಯಿತು, ಬದಲಿಗೆ ಜಿಲ್ಲೆಗೆ ದೇಶದ ವ್ಯಾಟ್ ತೆರಿಗೆಯ ಒಂದು ಪಾಲು ಬರುತ್ತದೆ, ಅದರ ದರ ಜಿಲ್ಲೆಯ ಕೈಯಲ್ಲಿಲ್ಲ. ಸ್ವಂತದ್ದು ಅಂತ ಉಳಿದ ದೊಡ್ಡ ಆದಾಯ ಒಂದೇ, ಮನೆ ಮಾರಾಟದ ಮೇಲಿನ ನೋಂದಣಿ ಸುಂಕ. ನೀವು ನಾಳೆ ನಿಮ್ಮ ಮೊದಲ ಮನೆ ಅಂತ 3 ಲಕ್ಷ ಯೂರೋ ಕೊಟ್ಟು ಒಂದು ಹಳೆಯ ಮನೆ ಕೊಂಡರೆ, 4.5 ಶೇಕಡ ಲೆಕ್ಕದಲ್ಲಿ 13,500 ಯೂರೋ ಜಿಲ್ಲೆಗೆ ಹೋಗುತ್ತದೆ.

ಇದರ ಅರ್ಥ ನೋಡಿ. ಬ್ಯಾಂಕ್ ಬಡ್ಡಿ ಏರಿದರೆ ಜನ ಮನೆ ಕೊಳ್ಳುವುದಿಲ್ಲ. ಮನೆ ಮಾರಾಟವಾಗದಿದ್ದರೆ ಜಿಲ್ಲೆಯ ಬೊಕ್ಕಸ ಬರಿದು. ಆರ್ಥಿಕತೆ ಕುಂಟುವ ಅದೇ ಕಾಲಕ್ಕೆ ಕೆಲಸ ಕಳೆದುಕೊಂಡವರು ಆರ್‌ಎಸ್‌ಎ ಕೇಳಿಕೊಂಡು ಬರುತ್ತಾರೆ, ಮುದುಕರಂತೂ ವರ್ಷ ವರ್ಷ ಹೆಚ್ಚುತ್ತಲೇ ಇರುತ್ತಾರೆ. 2023ರಲ್ಲಿ ಹೀಗೇ ಆಯಿತು. ಈ ಸುಂಕದ ಆದಾಯ ಒಂದೇ ವರ್ಷದಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಸಾಲ ಮಾಡಿ ಸಂಭಾಳಿಸೋಣ ಅಂದರೆ, ದಿನದ ಖರ್ಚಿಗೆ ಸಾಲ ಮಾಡುವಂತಿಲ್ಲ ಅಂತ ಕಾನೂನು. ರಸ್ತೆ, ಕಟ್ಟಡಕ್ಕೆ ಮಾತ್ರ ಸಾಲ. ಭತ್ಯೆ ನಿಲ್ಲಿಸುವ ಹಾಗೂ ಇಲ್ಲ. ಆಗ ಕತ್ತರಿ ಬೀಳುವುದು ಎಲ್ಲಿ? ಕಾನೂನು ಕಡ್ಡಾಯ ಮಾಡದೇ ಇರುವ ಕಡೆ, ಇಲ್ಲವೇ ಮುಂದೂಡಬಹುದಾದ ಕಡೆ. ಸಂಘಗಳ ಅನುದಾನ, ಸಂಗೀತ ಶಾಲೆ, ಊರಿನ ಸಭಾಭವನಕ್ಕೆ ಕೊಡುತ್ತಿದ್ದ ನೆರವು, ಕೊಲೇಜಿನ ರಿಪೇರಿ, ಹೊಸ ಸಮಾಜ ಕಾರ್ಯಕರ್ತರ ನೇಮಕ. ಸುಂಕವನ್ನು ಮೂರು ವರ್ಷದ ಮಟ್ಟಿಗೆ 5 ಶೇಕಡದ ತನಕ ಏರಿಸಬಹುದು ಅಂತ 2025ರ ಬಜೆಟ್‌ನಲ್ಲಿ ಅವಕಾಶ ಕೊಟ್ಟರು, ಮೊದಲ ಮನೆ ಕೊಳ್ಳುವವರನ್ನು ಬಿಟ್ಟು. ಅದು ಉಸಿರು ಬಿಡಲು ಒಂದಿಷ್ಟು ಸಮಯ ಕೊಟ್ಟಂತೆ, ಅಷ್ಟೇ. ಕೆಲವು ಬಡ ಜಿಲ್ಲೆಗಳು ಬೇರೆ ದಾರಿ ಹಿಡಿದವು. ಪ್ಯಾರಿಸ್ ಪಕ್ಕದ ಸೆನ್-ಸ್ಯಾಂ-ದನಿ, ಸ್ಪೇನ್ ಗಡಿಯ ಪಿರೆನೇ-ಓರಿಯಾಂತಾಲ್, ನಿಮ್ಮ ಪಕ್ಕದ್ದೇ ಆದ ಆರಿಯೇಜ್, ಇವು ಆರ್‌ಎಸ್‌ಎ ಖರ್ಚನ್ನು ಪ್ರಯೋಗವಾಗಿ ವಾಪಸ್ ಸರ್ಕಾರಕ್ಕೇ ಒಪ್ಪಿಸಿದವು. ನನಗೆ ಇದು ಸರಿ ಅನ್ನಿಸುತ್ತದೆ. ಒಬ್ಬ ವೃದ್ಧೆಗೆ ವಾರಕ್ಕೆ ಎಷ್ಟು ಗಂಟೆ ಸಹಾಯ ಸಿಗಬೇಕು ಅನ್ನುವುದು ಆ ವರ್ಷ ಎಷ್ಟು ಮನೆ ಮಾರಾಟವಾದವು ಅನ್ನುವುದಕ್ಕೆ ಗಂಟುಬೀಳಬಾರದು.

ಇಷ್ಟು ತೊಡಕಿನ ಪದ್ಧತಿ ಯಾಕೆ ಬೇಕು, ತೆಗೆದೇ ಬಿಡೋಣ ಅಂದವರೂ ಇದ್ದಾರೆ. 2014ರಲ್ಲಿ ಪ್ರಧಾನಿ ಮಾನ್ಯುಯೆಲ್ ವಾಲ್ಸ್ ಜಿಲ್ಲಾ ಪರಿಷತ್ತುಗಳನ್ನು 2021ರ ಹೊತ್ತಿಗೆ ರದ್ದು ಮಾಡುವುದಾಗಿ ಸಂಸತ್ತಿನಲ್ಲೇ ಹೇಳಿದ್ದರು. ಆಗಲಿಲ್ಲ. ಲಿಯೋನ್ ಸುತ್ತಮುತ್ತ ಮಾತ್ರ ಮಹಾನಗರ ಆಡಳಿತವೇ 2015ರಿಂದ ಜಿಲ್ಲೆಯ ಕೆಲಸವನ್ನೂ ವಹಿಸಿಕೊಂಡಿತು, ಅಲ್ಸಾಸ್‌ನ ಎರಡು ಜಿಲ್ಲೆಗಳ ಪರಿಷತ್ತುಗಳು 2021ರಲ್ಲಿ ಒಂದಾದವು. ಉಳಿದ ಬಹುತೇಕ ಕಡೆ ಪರಿಷತ್ತು ಹಾಗೇ ಇದೆ. ಒಕ್ಸಿತಾನಿಯಂಥ ಪ್ರಾಂತ್ಯದಲ್ಲಿ ಹದಿಮೂರು ಜಿಲ್ಲೆಗಳಿವೆ, ಅಷ್ಟು ದೂರದಿಂದ ಯಾರು ಬಂದು ನಿಮ್ಮ ಮಗುವಿನ ತೂಕ ನೋಡುತ್ತಾರೆ, ಅಲ್ವಾ?

ಕೊನೆಯದು, ನಿಮ್ಮ ಮಾತಿಗೆ ಜಾಗ ಇದೆಯಾ ಅನ್ನುವುದು. ಮತ ಹಾಕುವಂತಿಲ್ಲ. ಜಿಲ್ಲಾ ಚುನಾವಣೆಯಲ್ಲಿ ಫ್ರೆಂಚ್ ಪೌರರಿಗೆ ಮಾತ್ರ ಮತ. ಯುರೋಪ್ ಒಕ್ಕೂಟದ ಬೇರೆ ದೇಶದವರಿಗೂ ಇಲ್ಲ. ಆದರೆ ಪರಿಷತ್ತಿನ ಸಭೆಗಳು ಸಾರ್ವಜನಿಕ, ಹೋಗಿ ಕೂತು ಕೇಳಬಹುದು. ಇನ್ನೊಂದು ದಾರಿ ಇದಕ್ಕಿಂತ ಒಳ್ಳೆಯದು. ಪ್ರತಿ ಅಕ್ಟೋಬರ್‌ನಲ್ಲಿ ಕೊಲೇಜಿನ ಆಡಳಿತ ಮಂಡಳಿಗೆ ಪೋಷಕರ ಪ್ರತಿನಿಧಿಗಳ ಚುನಾವಣೆ ನಡೆಯುತ್ತದೆ. ಅದರಲ್ಲಿ ಮತ ಹಾಕಲೂ ನಿಲ್ಲಲೂ ಯಾವ ದೇಶದವರು ಅಂತ ಕೇಳುವುದಿಲ್ಲ, ಮಗು ಆ ಶಾಲೆಯಲ್ಲಿದ್ದರೆ ಸಾಕು. ಆ ಮಂಡಳಿಯಲ್ಲಿ ಜಿಲ್ಲಾ ಪರಿಷತ್ತಿನ ಪ್ರತಿನಿಧಿಗಳೂ ಕೂರುತ್ತಾರೆ. ಈ ವರ್ಷ ಬಾಣಂತನ ಮುಗಿಯಲಿ, ಮುಂದಿನ ವರ್ಷ ನಿಲ್ಲಿ. ಊಟದ ರೇಟಾಗಲಿ, ಸೋರುವ ಸೂರಾಗಲಿ, ಅಲ್ಲಿ ಅವರ ಎದುರಿಗೇ ಕೇಳಬಹುದು.